ಪಡಸಾಲೆಯ ಸಂಗೀತ

ಸಂಗೀತದ ಇತಿಹಾಸವನ್ನು ಬರೆಯಹೊರಟವರು ಸಾಮಾನ್ಯವಾಗಿ ಎರಡು ಬಾಗಿಲುಗಳಿಂದ ಅದರೊಳಗೆ ಪ್ರವೇಶಿಸುತ್ತಾರೆ. ಒಂದು ಅರಮನೆಯ ಬಾಗಿಲು, ಇನ್ನೊಂದು ದೇವಾಲಯದ ಬಾಗಿಲು. ಯಾವ ರಾಜ ಯಾವ ಗಾಯಕನಿಗೆ ಎಷ್ಟು ಸಂಭಾವನೆ ಕೊಟ್ಟನೆಂಬುದಕ್ಕೆ ದಫ್ತರಗಳಿವೆ. ಯಾವ ದೇವರ ಸನ್ನಿಧಿಯಲ್ಲಿ ಯಾವ ಸೇವೆ ನಡೆಯುತ್ತಿತ್ತೆಂಬುದಕ್ಕೆ ಶಾಸನಗಳಿವೆ. ಇಂದು ನಾನು ಮಾತನಾಡಬೇಕೆಂದಿರುವುದು ಮೂರನೆಯ ಒಂದು ಬಾಗಿಲನ್ನು ಕುರಿತು. ಅದು ಸಾಧಾರಣವಾದ ಮನೆಯ ತಲಬಾಗಿಲು. ಅದನ್ನು ದಾಟಿದರೆ ಪಡಸಾಲೆ, ಪಡಸಾಲೆಯಲ್ಲಿ ಒಂದು ಜಮಖಾನೆ, ಗೋಡೆಗೆ ಒರಗಿಸಿಟ್ಟ ಎರಡು ತಂಬೂರಿ. ಧಾರವಾಡ, ಹುಬ್ಬಳ್ಳಿ, ಗದಗ, ಕುಂದಗೋಳ, ಬೆಳಗಾವಿಗಳ ಕಡೆಯ ಕೇಳುಗರಿಗೆ ಇಷ್ಟು ಹೇಳಿದರೆ ಸಾಕು. ಉಳಿದವರಿಗಾಗಿ ಅದರ ಹೆಸರನ್ನೂ ಹೇಳುತ್ತೇನೆ: ಬೈಠಕ್.

ಸಣ್ಣ ಕೋಣೆಯೊಂದರಲ್ಲಿ ಕೆಲವರು ಹಾಡಿ ಬಾರಿಸುವುದು, ಕೆಲವರು ಕುಳಿತು ಕೇಳುವುದು, ಇದು ನಮ್ಮಲ್ಲಿ ಮಾತ್ರ ಇದ್ದುದಲ್ಲ. ಪಾಶ್ಚಾತ್ಯರು ಇಂಥ ಸಂಗೀತಕ್ಕೆ ಕೋಣೆಯ ಹೆಸರನ್ನೇ ಇಟ್ಟು 'ಚೇಂಬರ್ ಮ್ಯೂಸಿಕ್' ಎಂದು ಕರೆದರು. ಹೇಡನ್ ರಚಿಸಿದ 60ಕ್ಕೂ ಹೆಚ್ಚು ಚತುರ್ವಾದ್ಯ ಕೃತಿಗಳು ಇಂಥ ಕೋಣೆಯ ಅಳತೆಗೆ ಹೊಂದಿದವು. ಮೂವತ್ತೊಂದನೆಯ ವಯಸ್ಸಿನಲ್ಲಿಯೇ, 1828ರಲ್ಲಿ, ತೀರಿಕೊಂಡ ಶೂಬರ್ಟ್‌ನ ಹಾಡುಗಳನ್ನು ಮೊದಲು ಕೇಳಿದವರು ವಿಯೆನ್ನಾದ ಮನೆಗಳಲ್ಲಿ ಸೇರುತ್ತಿದ್ದ ಅವನ ಗೆಳೆಯರು. ನಮ್ಮ ದಕ್ಷಿಣದಲ್ಲಿಯೇ ಹೇಳುವುದಾದರೆ ಮದರಾಸಿನ ವೀಣಾ ಧನಮ್ಮಾಳ್ ಇದ್ದರು. 1938ರಲ್ಲಿ ತೀರಿಕೊಂಡ ಆಕೆ ಶುಕ್ರವಾರ ಸಂಜೆ ತನ್ನ ಮನೆಯಲ್ಲಿಯೇ ವೀಣೆ ನುಡಿಸುತ್ತಿದ್ದರೆ ದೊಡ್ಡ ದೊಡ್ಡ ವಿದ್ವಾಂಸರು ಉಸಿರು ಬಿಗಿಹಿಡಿದು ಕೇಳುತ್ತಿದ್ದರಂತೆ. ಆದರೆ ಉತ್ತರ ಕರ್ನಾಟಕದ ಬೈಠಕ್ಕು ಮಾಡಿದ ಕೆಲಸ ಇನ್ನೊಂದು ಬಗೆಯದು. ದೂರದ ಉತ್ತರ ಹಿಂದುಸ್ಥಾನದ ಒಂದು ಸಂಗೀತವನ್ನು ಅದು ಕನ್ನಡ ನೆಲದಲ್ಲಿ ನೆಟ್ಟು ಬೆಳೆಸಿತು. ಒಂದೇ ತಲೆಮಾರಿನ ಅಂತರದಲ್ಲಿ ಸವಾಯಿ ಗಂಧರ್ವರು, ಮಲ್ಲಿಕಾರ್ಜುನ ಮನ್ಸೂರರು, ಗಂಗೂಬಾಯಿ ಹಾನಗಲ್ಲರು, ಬಸವರಾಜ ರಾಜಗುರುಗಳು, ಭೀಮಸೇನ ಜೋಶಿಯವರು ಈ ಸುತ್ತಿನ ನಾಲ್ಕಾರು ಊರುಗಳಿಂದ ಹುಟ್ಟಿ ಬಂದದ್ದು ಹೇಗೆ ಎಂದು ಜನ ಇಂದಿಗೂ ಬೆರಗಾಗುತ್ತಾರೆ. ನೀರಿನ ಗುಣ, ಗಾಳಿಯ ಗುಣ ಎಂದು ಪ್ರೀತಿಯಿಂದ ಹೇಳುವವರಿದ್ದಾರೆ. ನೀರು ಗಾಳಿಗಳಿಗೆ ನನ್ನ ನಮಸ್ಕಾರವಿದೆ. ಆದರೆ ಇತಿಹಾಸ ಓದಿದವನಿಗೆ ಅಷ್ಟರಿಂದ ಸಮಾಧಾನವಾಗುವುದಿಲ್ಲ.

ಮೊದಲನೆಯದಾಗಿ ರೈಲನ್ನು ನೆನೆಯಬೇಕು. 1956ರವರೆಗೆ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ನಮ್ಮ ಮುಖ ಪುಣೆ, ಮುಂಬಯಿಗಳ ಕಡೆಗೆ ತಿರುಗಿತ್ತು. 1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೈಲ್ವೆ ಕಂಪನಿಯ ಮುಖ್ಯ ಕಚೇರಿ ಧಾರವಾಡದಲ್ಲಿಯೇ ಇತ್ತು. ಇಂದು ಕರ್ನಾಟಕ ಕಾಲೇಜು ನಡೆಯುತ್ತಿರುವ ಆ ಭವ್ಯ ಕಲ್ಲಿನ ಕಟ್ಟಡವೇ ಅದು. ಮಿರಜ, ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳನ್ನು ಆ ಹಳಿ ಒಂದೇ ದಾರದಲ್ಲಿ ಪೋಣಿಸಿತು. ಮೈಸೂರು ಅರಮನೆಯ ಆಹ್ವಾನದ ಮೇಲೆ ಹೋಗಿಬರುತ್ತಿದ್ದ ಉತ್ತರದ ಉಸ್ತಾದರಿಗೆ ಇದೇ ದಾರಿ. ದೀರ್ಘ ಪ್ರಯಾಣದ ನಡುವೆ ಅವರು ಧಾರವಾಡದಲ್ಲೋ ಹುಬ್ಬಳ್ಳಿಯಲ್ಲೋ ಇಳಿದು ತಂಗುತ್ತಿದ್ದರು. ತಂಗಿದವರನ್ನು ಹಾಡಿಸದೆ ಬಿಡುವುದುಂಟೆ? ಆದರೆ ಹಾಡಿಸುವುದೆಲ್ಲಿ? ಈ ಊರುಗಳಲ್ಲಿ ದರ್ಬಾರಿರಲಿಲ್ಲ, ಸಂಗೀತ ಸಭೆಯ ಕಟ್ಟಡಗಳಿರಲಿಲ್ಲ. ವಕೀಲರ, ವ್ಯಾಪಾರಿಗಳ, ದೇಸಾಯರ, ಶಾಲಾ ಮಾಸ್ತರರ ಮನೆಗಳಿದ್ದವು. ಹೀಗೆ ಪಡಸಾಲೆಯೇ ದರ್ಬಾರಾಯಿತು.

ಎರಡನೆಯದು ವಾದ್ಯ. ಮಿರಜಿನ ಕುಶಲಕರ್ಮಿಗಳು ಪಂಢರಪುರದ ಸೀಮೆಯ ದೊಡ್ಡ ಸೋರೆಬುರುಡೆಗಳನ್ನು ತರಿಸಿ ತಂಬೂರಿ, ಸಿತಾರುಗಳನ್ನು ಮಾಡುವುದರಲ್ಲಿ ಹೆಸರಾದವರು. ತಂಬೂರಿ ಹದಗೆಟ್ಟರೆ ರೈಲಿನಲ್ಲಿಟ್ಟು ಕಳಿಸಿದರಾಯಿತು. ಮೂರನೆಯದು ನಾಟಕ. ಮರಾಠಿ ಸಂಗೀತ ನಾಟಕ ಮಂಡಳಿಗಳು ಈ ಊರುಗಳಲ್ಲಿ ಮೊಕ್ಕಾಂ ಮಾಡಿ ಸಾಮಾನ್ಯ ಜನರ ಕಿವಿಗೆ ರಾಗದಾರಿಯ ರುಚಿ ಹತ್ತಿಸಿದವು. ಅವನ್ನು ನೋಡಿ ಕನ್ನಡ ಕಂಪನಿಗಳೂ ಹಾಡತೊಡಗಿದವು. ನಾಟಕದಲ್ಲಿ ಒಂದು ಪದ್ಯದಷ್ಟು ಕೇಳಿದ ರಾಗವನ್ನು ಒಂದು ತಾಸು ಕೇಳಬೇಕೆಂಬ ಹಸಿವು ಹುಟ್ಟಿದವನು ಬೈಠಕ್ಕಿಗೆ ಬರುತ್ತಿದ್ದ.

ಈ ಮೂರೂ ಒಂದೆಡೆ ಸೇರಿದ್ದನ್ನು ಕಾಣಬೇಕಾದರೆ ಕುಂದಗೋಳಕ್ಕೆ ಹೋಗಬೇಕು. ಹುಬ್ಬಳ್ಳಿಯಿಂದ ರೈಲಿನಲ್ಲಿ ಸ್ವಲ್ಪವೇ ದೂರ. ಅಲ್ಲಿನ ಜಮೀನ್ದಾರರಾದ ನಾಡಿಗೇರರ ವಾಡೆಯಲ್ಲಿ ಗಣೇಶರಾಯರೆಂಬುವರು ಕಾರಕೂನಿಕೆ ಮಾಡುತ್ತಿದ್ದರು. 1886ರಲ್ಲಿ ಅಮರಗೋಳದಲ್ಲಿ ಹುಟ್ಟಿದ ಅವರ ಮಗ ರಾಮಚಂದ್ರನಿಗೆ ಓದಿಗಿಂತ ಹಾಡಿನ ಕಡೆಗೇ ಒಲವು. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ಈ ಹುಡುಗನನ್ನು ಶಿಷ್ಯನನ್ನಾಗಿ ಸ್ವೀಕರಿಸುವಾಗ ಎಂಟು ವರ್ಷ ತಮ್ಮೊಡನೆ ಇರಬೇಕೆಂಬ ಕರಾರು ಹಾಕಿದರಂತೆ. ಆ ಹುಡುಗನೇ ಮುಂದೆ ಮರಾಠಿ ರಂಗಭೂಮಿಯಲ್ಲಿ ಸ್ತ್ರೀ ಪಾತ್ರಗಳಿಂದ ಹೆಸರಾಗಿ 'ಸವಾಯಿ ಗಂಧರ್ವ' ಎನಿಸಿಕೊಂಡ. ಬಾಲಗಂಧರ್ವರು ಒಂದು ತೂಕವಾದರೆ ಇವರು ಅದರ ಸವಾ ಪಟ್ಟು, ಒಂದೂಕಾಲು, ಎಂಬುದು ಆ ಬಿರುದಿನ ಇಂಗಿತ.

ಖಾನ್ ಸಾಹೇಬರ ದನಿಯನ್ನು ಹಳೆಯ ತಟ್ಟೆಗಳಲ್ಲಿ ಕೇಳಿದವರಿಗೆ ನಾನು ಹೇಳುವುದು ಅರ್ಥವಾದೀತು. ಅದು ಗರ್ಜಿಸುವ ದನಿಯಲ್ಲ. ತೆಳುವಾಗಿ, ಎಳೆದಷ್ಟೂ ತುಂಡಾಗದ ರೇಷ್ಮೆಯ ಎಳೆಯಂತಿರುವ ದನಿ. ಒಂದು ಸ್ವರವನ್ನು ಹಿಡಿದು ಅದನ್ನು ತಂಬೂರಿಯ ನಾದದಲ್ಲಿ ಕರಗಿಸುವ ಕಲೆ ಅವರದು. ಆ ಕಾಲದಲ್ಲಿ ಧ್ವನಿವರ್ಧಕವಿಲ್ಲ. ಸಾವಿರ ಜನರ ನಡುವೆ ಇಂಥ ದನಿಯ ಸೂಕ್ಷ್ಮಗಳು ಯಾರ ಕಿವಿಗೂ ತಲುಪುತ್ತಿರಲಿಲ್ಲ. ನಲವತ್ತು ಜನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತ ಕೋಣೆಯಲ್ಲಿ ತಲುಪುತ್ತಿದ್ದವು. ಕಿರಾಣಾ ಗಾಯಕಿಯ ಸ್ವರನಿಷ್ಠೆಗೂ ಈ ಪಡಸಾಲೆಗಳ ಅಳತೆಗೂ ಸಂಬಂಧವಿದೆ ಎಂದು ನಾನು ಬಹುಕಾಲದಿಂದ ನಂಬಿದ್ದೇನೆ. ಹಾಡುವವನು ಕೋಣೆಗೆ ತಕ್ಕಂತೆ ದನಿಯನ್ನು ತಿದ್ದಿಕೊಳ್ಳುತ್ತಾನೆ, ಕೋಣೆಯಲ್ಲಿ ಕುಳಿತವರು ಆ ದನಿಗೆ ತಕ್ಕಂತೆ ಕಿವಿಯನ್ನು ತಿದ್ದಿಕೊಳ್ಳುತ್ತಾರೆ. 1937ರ ಅಕ್ಟೋಬರಿನಲ್ಲಿ, ಮದರಾಸಿನ ಕಡೆಯಿಂದ ಪುದುಚೇರಿಗೆ ಹೊರಟ ರೈಲುದಾರಿಯಲ್ಲಿ, ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಖಾನ್ ಸಾಹೇಬರು ಕೊನೆಯುಸಿರೆಳೆದರು. ರೈಲು ತಂದುಕೊಟ್ಟ ಗಾಯಕ ರೈಲಿನ ದಾರಿಯಲ್ಲಿಯೇ ತೀರಿಹೋದರು.

ಇನ್ನು ಉಳಿದ ಘರಾಣೆಗಳ ಮಾತು. ಗ್ವಾಲಿಯರ್ ಗಾಯಕಿಯ ನೀಲಕಂಠಬುವಾ ಆಲೂರಮಠರು ಮಿರಜಿನಲ್ಲಿ ನೆಲೆಸಿದ್ದವರು. ವಾಮನರಾಯ ಮಾಸ್ತರರ ನಾಟಕ ಕಂಪನಿಯಲ್ಲಿ ಹಾಡುತ್ತಿದ್ದ ಹುಡುಗನೊಬ್ಬನ ಕಂಠಕ್ಕೆ ಮಾರುಹೋಗಿ ಅವರು ಕರೆದೊಯ್ದು ಕಲಿಸಿದರು. ಆ ಹುಡುಗ, 1910ರಲ್ಲಿ ಧಾರವಾಡದ ಹತ್ತಿರದ ಮನಸೂರಿನಲ್ಲಿ ಹುಟ್ಟಿದ ಮಲ್ಲಿಕಾರ್ಜುನ. ಆಮೇಲೆ ಮಂಜಿಖಾನರು, ಬುರ್ಜಿಖಾನರಿಂದ ಜೈಪುರ ಘರಾಣೆಯ ಜಟಿಲ ರಾಗಗಳು ಅವರಿಗೆ ದಕ್ಕಿದವು. ನೀಲಕಂಠಬುವಾ ಅವರಿಂದಲೇ ಕಲಿತ ಇನ್ನೊಬ್ಬರು ಅಂಧ ಗಾಯಕ ಪಂಚಾಕ್ಷರಿ ಗವಾಯಿಗಳು. ಗದುಗಿನ ಅವರ ಆಶ್ರಮದಲ್ಲಿ ಕಣ್ಣಿಲ್ಲದ ಮಕ್ಕಳು, ಬಡಮಕ್ಕಳು ಉಂಡು, ಕಲಿತು, ಊರೂರಿಗೆ ಸಂಗೀತದ ಮಾಸ್ತರರಾಗಿ ಹೋದರು. ಬೀನಕಾರ ಬಂದೇ ಅಲಿ ಖಾನರ ಶಿಷ್ಯರಾದ ರಹಿಮತ್ ಖಾನರು ಧಾರವಾಡದಲ್ಲಿಯೇ ಮನೆಮಾಡಿ ಸಿತಾರನ್ನು ಈ ಊರಿನ ವಾದ್ಯವನ್ನಾಗಿ ಮಾಡಿದರು. 2007ರಲ್ಲಿ ತೀರಿಕೊಂಡ ಬಾಲೇಖಾನರು ಅವರ ಮೊಮ್ಮಗ. ಲಿಂಗಾಯತ ಮಠ, ಮುಸಲ್ಮಾನ ಉಸ್ತಾದ, ಬ್ರಾಹ್ಮಣ ವಕೀಲ, ನಾಟಕದ ಹುಡುಗ, ಇವರೆಲ್ಲ ಒಂದೇ ಜಮಖಾನೆಯ ಮೇಲೆ ಕುಳಿತದ್ದು ಬೈಠಕ್ಕಿನಲ್ಲಿ. ಈ ಮಾತನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹೇಳಿಕೊಳ್ಳಬೇಕಾದದ್ದೇ. ಆದರೆ ಆ ಜಮಖಾನೆಗೂ ಒಂದು ಅಂಚಿತ್ತು. ಅದರ ಮಾತಿಗೆ ಬರುವ ಮೊದಲು ನನ್ನ ಮನೆಯ ಬೈಠಕ್ಕನ್ನು ನಿಮಗೆ ಸ್ವಲ್ಪ ತೋರಿಸಬೇಕು.

ನಮ್ಮ ತಂದೆ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರರು. ಸ್ವತಃ ಹಾಡುತ್ತಿರಲಿಲ್ಲ. ಮನೆ ದೊಡ್ಡದಲ್ಲ. ಮುಂದೆ ಕಟ್ಟೆ, ಒಳಗೆ ಪಡಸಾಲೆ, ಅದರಾಚೆ ನಡುಮನೆ, ಅಡಿಗೆಮನೆ, ಹಿತ್ತಿಲು. ತಿಂಗಳಿಗೊಮ್ಮೆ, ಸಂಬಳವಾದ ಮೊದಲ ಶನಿವಾರ, ಪಡಸಾಲೆಯ ಮೇಜು ಕುರ್ಚಿಗಳು ಹಿತ್ತಿಲಿಗೆ ಹೋಗುತ್ತಿದ್ದವು. ಹೆಸರಾಂತ ಗಾಯಕರು ನಮ್ಮಂಥವರ ಮನೆಗೆ ಬರುವುದು ಅಪರೂಪ. ಬರುತ್ತಿದ್ದವರು ಊರಿನವರೇ. ತಬಲಾ ಬಾರಿಸುವವರು ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನ ಫಿಟ್ಟರ್. ಉಗುರಿನ ಸಂದಿಯಲ್ಲಿ ಸದಾ ಕಪ್ಪು ಎಣ್ಣೆಯ ಗೆರೆ. ಬಂದವರೇ ನಮ್ಮವ್ವನಿಂದ ಸೀಗೆಪುಡಿ ಇಸಿದುಕೊಂಡು ಬಚ್ಚಲಿನಲ್ಲಿ ಕೈ ತಿಕ್ಕಿ ತೊಳೆದ ಮೇಲೆಯೇ ತಬಲೆಯನ್ನು ಮುಟ್ಟುತ್ತಿದ್ದರು. ಹಾರ್ಮೋನಿಯಂ ಪೇಟೆಯ ಅರಿವೆ ಅಂಗಡಿಯ ಗುಮಾಸ್ತರದು. ತಂಬೂರಿಗೆ ಕಾಲೇಜಿನ ಹುಡುಗರು. ಹಾಡುವವರು ಟ್ರೇನಿಂಗ್ ಕಾಲೇಜಿನ ಒಬ್ಬ ಮಾಸ್ತರರು, ಒಬ್ಬ ಪೋಸ್ಟ್‌ಮನ್, ಗದುಗಿನ ಆಶ್ರಮದಲ್ಲಿ ಕಲಿತ ಒಬ್ಬ ಅಂಧ ತರುಣರು. ಇವರ ಹೆಸರುಗಳು ಯಾವ ಗ್ರಂಥದಲ್ಲಿಯೂ ಇಲ್ಲ. ಆದರೆ ಮನ್ಸೂರರ ಹಾಡು ಕೇಳಿ 'ಇದು ಶುದ್ಧ ನಟ, ಇದು ಬಿಹಾರಿ' ಎಂದು ಗುರುತಿಸಬಲ್ಲ ಕಿವಿಗಳು ಈ ಊರಿನಲ್ಲಿ ನೂರಾರು ಇದ್ದವಲ್ಲ, ಆ ಕಿವಿಗಳನ್ನು ತಯಾರು ಮಾಡಿದವರು ಇವರು. ಶಿಖರಗಳನ್ನು ವರ್ಣಿಸುವವರು ಅವುಗಳ ಕೆಳಗಿನ ನೆಲವನ್ನು ಮರೆಯುವುದು ವಾಡಿಕೆ.

ರಾತ್ರಿ ಒಂಬತ್ತಕ್ಕೆ ತಂಬೂರಿ ಕೂಡಿಸುವುದು ಆರಂಭವಾಗುತ್ತಿತ್ತು. ಅದಕ್ಕೇ ಅರ್ಧ ತಾಸು. ಯಾರೂ ಅವಸರಿಸುತ್ತಿರಲಿಲ್ಲ. ಆಮೇಲೆ ಬಾಗೇಶ್ರೀಯೋ ಬಿಹಾಗವೋ ವಿಲಂಬಿತದಲ್ಲಿ ಮೆಲ್ಲನೆ ಬಿಚ್ಚಿಕೊಳ್ಳುತ್ತಿತ್ತು. ಹನ್ನೆರಡಕ್ಕೆ ಚಹಾ, ಹಚ್ಚಿದ ಅವಲಕ್ಕಿ. ಮಾಲಕಂಸದ ನಂತರ ನನ್ನಂಥ ಹುಡುಗರು ಅಲ್ಲಿಯೇ ಯಾರದೋ ತೊಡೆಯ ಮೇಲೆ ತಲೆಯಿಟ್ಟು ಮಲಗಿಬಿಡುತ್ತಿದ್ದೆವು. ನಸುಕಿನ ಭೈರವಿಗೆ ಎಚ್ಚರವಾಗುತ್ತಿತ್ತು. ಹೆಂಗಸರೆಲ್ಲ ನಡುಮನೆಯಲ್ಲಿ, ಬಾಗಿಲಿನ ಮರೆಯಲ್ಲಿ. ಕತ್ತಲೆಯಲ್ಲಿ ಕುಳಿತು ಕೇಳಿ ಅವರು ಕಲಿತ ಸಂಗೀತವೆಷ್ಟು ಎಂಬುದು, ಮರುದಿನ ಬೀಸುವಾಗ, ರುಬ್ಬುವಾಗ ಗೊತ್ತಾಗುತ್ತಿತ್ತು. ಅವ್ವ ಹಿಟ್ಟು ನಾದುತ್ತ ಗುನುಗಿದ ಬಾಗೇಶ್ರೀಯಲ್ಲಿ ಹಿಂದಿನ ರಾತ್ರಿಯ ಗಾಯಕರು ತಪ್ಪಿದ್ದ ಜಾಗ ತಿದ್ದಿಕೊಂಡಿರುತ್ತಿತ್ತು. ಅವಳನ್ನು ಪಡಸಾಲೆಗೆ ಕರೆಯಬೇಕೆಂದು ಯಾರಿಗೂ ತೋಚಲಿಲ್ಲ. ಅವಳಿಗೂ ತೋಚಲಿಲ್ಲ.

ಇದೀಗ ಜಮಖಾನೆಯ ಅಂಚಿನ ಮಾತು.

ಅಬ್ದುಲ್ ಕರೀಂ ಖಾನರು ಧಾರವಾಡಕ್ಕೆ ಬಂದಾಗ ತಾವಾಗಿ ಹೋಗಿ ಕುಳಿತು ಕೇಳುತ್ತಿದ್ದ ಒಂದು ಮನೆಯಿತ್ತು. ಅದು ಅಂಬಾಬಾಯಿಯವರ ಮನೆ. ಆಕೆ ಕರ್ನಾಟಕ ಸಂಗೀತದ ಗಾಯಕಿ, ಹಾಡುವ ಹೆಣ್ಣುಮಕ್ಕಳ ವಂಶದವರು. ಆ ಮನೆಯಲ್ಲಿ 1913ರಲ್ಲಿ ಹುಟ್ಟಿದ ಮಗಳೇ ಗಂಗೂಬಾಯಿ ಹಾನಗಲ್. ಶಾಲೆಯಿಂದ ಬರುವಾಗ ಬೀದಿಯಲ್ಲಿ ಗ್ರಾಮಫೋನಿನ ದನಿ ಕೇಳಿದರೆ ಈ ಹುಡುಗಿ ಅಲ್ಲಿಯೇ ನಿಂತುಬಿಡುತ್ತಿದ್ದಳು. ಜೊಹರಾಬಾಯಿ ಆಗ್ರೆವಾಲಿಯ ತಟ್ಟೆ ಅವಳಿಗೆ ಪಂಚಪ್ರಾಣ. ಮಗಳ ಒಲವು ಹಿಂದುಸ್ಥಾನಿಯ ಕಡೆಗೆ ತಿರುಗಿದಾಗ ತಾಯಿ ಮಾಡಿದ ತ್ಯಾಗವನ್ನು ನೆನೆದರೆ ಇಂದಿಗೂ ಮನಸ್ಸು ಭಾರವಾಗುತ್ತದೆ. ತನ್ನ ಕರ್ನಾಟಕ ಸಂಗೀತದ ಛಾಯೆ ಮಗಳ ಕಂಠಕ್ಕೆ ತಾಗಬಾರದೆಂದು ಅಂಬಾಬಾಯಿ ತನ್ನ ಹಾಡನ್ನೇ ನಿಲ್ಲಿಸಿಬಿಟ್ಟರು. ಉಸ್ತಾದರು ಬಂದು ಕೇಳುತ್ತಿದ್ದ ಕಂಠ ಒಂದು ಮನೆಯ ಗೋಡೆಗಳ ನಡುವೆ, ಯಾರೂ ಅಪ್ಪಣೆ ಮಾಡದೆ, ಮೌನವಾಯಿತು. 1928ರಲ್ಲಿ ಕುಟುಂಬ ಹುಬ್ಬಳ್ಳಿಗೆ ಬಂತು. 1932ರಲ್ಲಿ ಅಂಬಾಬಾಯಿ ತೀರಿಕೊಂಡರು. ಮಗಳು ದೊಡ್ಡ ಗಾಯಕಿಯಾದದ್ದನ್ನು ನೋಡಲು ಅವರು ಉಳಿಯಲಿಲ್ಲ.

ಗಂಗೂಬಾಯಿಯವರು ತಮ್ಮ ಬಾಲ್ಯದ ಎರಡು ಸಂಗತಿಗಳನ್ನು ಮತ್ತೆ ಮತ್ತೆ ಹೇಳುತ್ತಿದ್ದರು. ಒಂದು, ನೆರೆಯವರ ಮಾವಿನ ತೋಟದ್ದು. ಮಕ್ಕಳ ಚಪಲದಿಂದ ಅಲ್ಲಿ ಕಾಲಿಟ್ಟಾಗ, ಹಾಡುವವರ ಮನೆಯ ಹುಡುಗಿ ತೋಟಕ್ಕೆ ಬಂದಳಲ್ಲ ಎಂದು ತೋಟದವರು ಸಿಡಿಮಿಡಿಗೊಂಡರಂತೆ. ಮುಂದೆ ಅಂಥವರೇ ಮನೆಗೆ ಕರೆದು ಉಪಚರಿಸಿದರು ಎಂದು ನಗುತ್ತ ಹೇಳುತ್ತಿದ್ದರು. ಇನ್ನೊಂದು, 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದ್ದು. ಮಹಾತ್ಮ ಗಾಂಧಿಯವರ ಸಮ್ಮುಖದಲ್ಲಿ ಸ್ವಾಗತ ಗೀತೆ ಹಾಡಲು ಹೋದ ಹನ್ನೊಂದರ ಹುಡುಗಿಯ ಮನಸ್ಸಿನಲ್ಲಿದ್ದ ಅಳುಕು ಶ್ರುತಿ ತಪ್ಪೀತೆಂಬುದಲ್ಲ, ಉಂಡವರ ಎಲೆ ಎತ್ತಲು ತನಗೆ ಹೇಳಿಯಾರೇ ಎಂಬುದು. ನಾಡಿನ ಏಕೀಕರಣದ ಕನಸನ್ನು ಕಟ್ಟಿದ ಆ ಮಹಾಸಭೆಯ ಬಗ್ಗೆ ನಾನು ಅನೇಕ ಪುಸ್ತಕಗಳನ್ನು ಓದಿದ್ದೇನೆ. ಅಂಥ ಸಭೆಯಲ್ಲಿ ಹಾಡಲು ನಿಂತ ಮಗುವಿನ ಈ ಅಳುಕಿಗೆ ಸಮನಾದ ಟಿಪ್ಪಣಿ ಇನ್ನೊಂದು ನನಗೆ ಕಂಡಿಲ್ಲ.

ಅದೇ ಕಾಲದಲ್ಲಿ ಸಮಾಜದ ಗಾಳಿಯೂ ತಿರುಗುತ್ತಿತ್ತು. 1934ರಲ್ಲಿ ಮುಂಬಯಿ ಪ್ರಾಂತದಲ್ಲಿ ದೇವದಾಸಿ ಪದ್ಧತಿಯನ್ನು ತಡೆಯುವ ಕಾಯಿದೆ ಬಂತು. ಕಾಯಿದೆಯ ಉದ್ದೇಶ ಒಳ್ಳೆಯದು, ಅಗತ್ಯವಾದದ್ದು. ಆದರೆ ತಲೆತಲಾಂತರದಿಂದ ಹಾಡನ್ನು ಕಾಪಾಡಿಕೊಂಡು ಬಂದ ಹೆಣ್ಣುಮಕ್ಕಳಿಗೆ ಸಭ್ಯರ ಪಡಸಾಲೆಯಲ್ಲಿ ಸಮಾನವಾದ ಸ್ಥಳ ಎಲ್ಲಿದೆ ಎಂಬ ಪ್ರಶ್ನೆಗೆ ಯಾವ ಕಾಯಿದೆಯೂ ಉತ್ತರ ಕೊಡಲಾರದು. ಆ ಉತ್ತರವನ್ನು ಗಂಗೂಬಾಯಿ ತಾವೇ ಕೊಟ್ಟರು. ಸವಾಯಿ ಗಂಧರ್ವರು ರಂಗಭೂಮಿಯಿಂದ ನಿವೃತ್ತರಾಗಿ ಕುಂದಗೋಳದಲ್ಲಿ ನೆಲೆಸಿದ ಮೇಲೆ, ಆಕೆ ಹುಬ್ಬಳ್ಳಿಯಿಂದ ಸಂಜೆಯ ರೈಲು ಹಿಡಿದು ಪಾಠಕ್ಕೆ ಹೋಗುತ್ತಿದ್ದರು, ರಾತ್ರಿಯ ರೈಲಿಗೆ ಮರಳುತ್ತಿದ್ದರು. ಹಾಡುವವಳು ಹೊತ್ತಲ್ಲದ ಹೊತ್ತಿನಲ್ಲಿ ಓಡಾಡಿದರೆ ಊರು ಸುಮ್ಮನಿರುತ್ತದೆಯೆ? ಆಡಿಕೊಂಡಿತು. ಅದೇ ಗುರುಮನೆಯಲ್ಲಿ ನೀರು ಹೊತ್ತು ಸೇವೆ ಮಾಡುತ್ತಿದ್ದ ಕಿರಿಯ ಭೀಮಸೇನರು ಕತ್ತಲಲ್ಲಿ ಅಕ್ಕನನ್ನು ಸ್ಟೇಷನ್ನಿನವರೆಗೆ ಬಿಟ್ಟುಬರುತ್ತಿದ್ದರಂತೆ. ಒಬ್ಬ ಗುರುವಿನ ಮನೆಯ ಕೋಣೆ, ಒಂದು ಸಣ್ಣ ಸ್ಟೇಷನ್ನು, ಅವೆರಡರ ನಡುವಣ ಕತ್ತಲೆಯ ದಾರಿ. ನಮ್ಮ ಸಂಗೀತದ ಇತಿಹಾಸದ ಒಂದು ಪರ್ವವೇ ಅಲ್ಲಿ ನಡೆದಿದೆ.

ಇದನ್ನೆಲ್ಲ ದೂರದ ಕಥೆಯೆಂಬಂತೆ ಹೇಳಿ ಮುಗಿಸಬಹುದಾಗಿತ್ತು. ಆದರೆ ನಮ್ಮ ಪಡಸಾಲೆಯ ಒಂದು ರಾತ್ರಿ ನನ್ನನ್ನು ಹಾಗೆ ಬಿಡುವುದಿಲ್ಲ.

1961ರ ಚಳಿಗಾಲ. ನಾನು ಹತ್ತರ ಹುಡುಗ. ಆ ತಿಂಗಳು ಹಾಡಲು ಬಂದವರು ನಮ್ಮ ಊರಿನವರೇ ಆದ, ವಯಸ್ಸು ಐವತ್ತು ದಾಟಿದ ಒಬ್ಬ ಗಾಯಕಿ. ಎಲ್ಲರೂ 'ಬಾಯಿ' ಎನ್ನುತ್ತಿದ್ದರು. ಕೆಂಪಂಚಿನ ಬಿಳಿ ಇಳಕಲ್ ಸೀರೆ, ಕೊರಳಲ್ಲಿ ಒಂದೇ ಎಳೆ. ಅಂದು ಅವರು ಹಾಡಿದ ದರಬಾರಿಯ ಗಾಂಧಾರ ಅಲುಗಿದ ರೀತಿ ನನಗೆ ಇಂದಿಗೂ ನೆನಪಿದೆ ಎಂದರೆ ಉತ್ಪ್ರೇಕ್ಷೆಯಾದೀತು. ನೆನಪಿರುವುದು ಕೇಳುತ್ತಿದ್ದವರ ಮುಖಗಳು. ತಬಲಾದವರು ಕಣ್ಣು ಮುಚ್ಚಿ ಅಳುತ್ತಲೇ ಠೇಕಾ ನಡೆಸುತ್ತಿದ್ದರು. ಮುಗಿದಾಗ ಎರಡು ಗಂಟೆ. ಗಾಯಕರು ಬಂದ ರಾತ್ರಿ ನಮ್ಮಲ್ಲಿ ಊಟದ ಪದ್ಧತಿ. ಗಂಡಸರಿಗೆ ನಡುಮನೆಯಲ್ಲಿ ಎಲೆ ಹಾಕಿದ್ದರು. ಬಾಯಿಯವರ ಎಲೆಯನ್ನು ನಮ್ಮ ಅಜ್ಜಿ ಹೊರಗೆ, ಕಟ್ಟೆಯ ಮೇಲೆ ಹಾಕಿಸಿದ್ದರು. ಅದನ್ನು ಅವರು ಕಂಡರು. ಕಂಡೂ ಕಾಣದವರಂತೆ ಶಾಲು ಹೊದ್ದುಕೊಂಡು, ಬಾಗಿಲ ಬಳಿ ನಿಂತ ಅವ್ವನಿಗೆ, "ರಾತ್ರಿ ಹಾಡಿದ ಮ್ಯಾಲೆ ನಾ ಉಣ್ಣಂಗಿಲ್ಲ ತಂಗಿ, ಗಂಟಲಾ ಕೆಡತದ. ಏನೂ ತಿಳಕೋಬ್ಯಾಡ," ಎಂದರು. ಅವ್ವ ಒಳಗೆ ಓಡಿ ಒಂದು ಲೋಟ ಬಿಸಿ ಹಾಲು ತಂದಳು. ಬಾಯಿಯವರು ಅದನ್ನು ನಿಂತೇ ಕುಡಿದು, ಲೋಟವನ್ನು ತಾವೇ ತೊಳೆಯಲು ಬಗ್ಗಿದರು. ಅವ್ವ ಕೈಯಿಂದ ಕಸಿದುಕೊಂಡಳು. ಟಾಂಗಾ ಹೊರಟುಹೋಯಿತು. ಅಪ್ಪ ಅಲ್ಲಿಯೇ ಕಂಬಕ್ಕೆ ಒರಗಿ ನಿಂತಿದ್ದರು. ಒಂದು ಮಾತೂ ಆಡಲಿಲ್ಲ.

ಮುಂದೆ ಮೂವತ್ತು ವರ್ಷ ಅಪ್ಪ ಆ ದರಬಾರಿಯ ವರ್ಣನೆ ಮಾಡಿದರು. ಎಲೆಯ ಮಾತನ್ನು ಒಮ್ಮೆಯೂ ಎತ್ತಲಿಲ್ಲ.

ಕಾಲ ಬದಲಾಯಿತು. ಧಾರವಾಡ ಆಕಾಶವಾಣಿ ಕೇಂದ್ರ 1950ರ ಜನವರಿ 8ರಂದೇ ಆರಂಭವಾಗಿತ್ತು. ಮನ್ಸೂರರು ಅಲ್ಲಿ ಸಂಗೀತ ಸಲಹೆಗಾರರಾಗಿದ್ದರು. ಊರಿನ ಎಷ್ಟೋ ಕಲಾವಿದರಿಗೆ ಅಲ್ಲಿಂದ ಅನ್ನವೂ ಮಾನವೂ ದೊರೆತವು. ಹಾಗೆ ನೋಡಿದರೆ ಸ್ಟುಡಿಯೋ ಎಂಬುದೂ ಒಂದು ಕೋಣೆಯೇ. ಎದುರಿಗೆ ಕೇಳುವವರಿಲ್ಲ, 'ಕ್ಯಾ ಬಾತ್' ಎನ್ನುವವರಿಲ್ಲ. ಆದರೆ ಆ ಕೋಣೆಯ ಹಾಡು ಸಾವಿರ ಪಡಸಾಲೆಗಳಲ್ಲಿ ಏಕಕಾಲಕ್ಕೆ ಕೇಳಿಸುತ್ತಿತ್ತು. ಕಟ್ಟೆಯೆಂದೂ ನಡುಮನೆಯೆಂದೂ ರೇಡಿಯೋ ಭೇದವೆಣಿಸಲಿಲ್ಲ. ನಮ್ಮ ಅಜ್ಜಿಯೇ ಅಡಿಗೆಮನೆಯ ಗೂಡಿನಲ್ಲಿಟ್ಟ ರೇಡಿಯೋದಿಂದ ಗಂಗೂಬಾಯಿಯವರ ಹಾಡನ್ನು ಕೇಳುತ್ತ ಜಪಮಣಿ ಎಣಿಸುವುದನ್ನು ಮರೆಯುತ್ತಿದ್ದುದನ್ನು ನಾನು ಕಂಡಿದ್ದೇನೆ. ಎಲ್ಲವೂ ಲಾಭವೇ ಆಗಲಿಲ್ಲ. 1940ರಿಂದ ಆಕಾಶವಾಣಿಯಲ್ಲಿ ಹಾರ್ಮೋನಿಯಂ ನಿಷಿದ್ಧವಾಗಿತ್ತು. 1970ರ ದಶಕದ ಆರಂಭದಲ್ಲಿ ಮಾತ್ರ ಆ ನಿಷೇಧ ಸಡಿಲವಾಯಿತು. ಅರಿವೆ ಅಂಗಡಿಯ ನಮ್ಮ ಗುಮಾಸ್ತರು, ತಮ್ಮ ಪೆಟ್ಟಿಗೆಗೆ ಸರಕಾರದ ಬಾಗಿಲು ಮುಚ್ಚಿದೆ ಎಂದು ಕೊನೆಯವರೆಗೂ ಕೊರಗಿದರು.

ಧ್ವನಿವರ್ಧಕ ಬಂತು, ಸಭಾಭವನಗಳು ಬಂದವು. ಸವಾಯಿ ಗಂಧರ್ವರು 1952ರಲ್ಲಿ ಪುಣೆಯಲ್ಲಿ ತೀರಿಕೊಂಡ ಮೇಲೆ, ಮರುವರ್ಷದಿಂದ ಭೀಮಸೇನ ಜೋಶಿಯವರು ಅಲ್ಲಿ ನಡೆಸಿಕೊಂಡು ಬಂದ ಪುಣ್ಯತಿಥಿಯ ಉತ್ಸವ ಬೆಳೆದು ಬೆಳೆದು ಸಾವಿರಾರು ಜನ ಮಂಟಪದಲ್ಲಿ ಕುಳಿತು ಕೇಳುವ ಮಹೋತ್ಸವವಾಯಿತು. ಅದೇ ಗುರುವಿನ ಸ್ಮರಣೆಯನ್ನು ಕುಂದಗೋಳದ ನಾಡಿಗೇರರ ವಾಡೆಯಲ್ಲಿಯೂ ಅಹೋರಾತ್ರಿ ಹಾಡಿ ಆಚರಿಸುತ್ತ ಬಂದಿದ್ದಾರೆ. ಭೀಮಸೇನರೂ ಗಂಗೂಬಾಯಿಯವರೂ ಎರಡೂ ಕಡೆ ಹಾಡಿದರು. ಪುಣೆಯ ಮಂಟಪ ಗುರುವಿನ ಹೆಸರನ್ನು ದೇಶಕ್ಕೆ ತಿಳಿಸಿತು. ವಾಡೆಯಲ್ಲಿ ಮರದ ಕಂಬಗಳ ನಡುವೆ ನೆಲದ ಮೇಲೆ ಕುಳಿತವನಿಗೆ ಮಾತ್ರ ಗಾಯಕನ ಉಸಿರು ಎಲ್ಲಿ ತಿರುಗಿತು, ಕೈ ಎಲ್ಲಿ ತಡೆಯಿತು ಎಂಬುದು ಕಾಣುತ್ತದೆ. ಎರಡೂ ಬೇಕು. ಒಂದರಿಂದ ಸಂಗೀತಕ್ಕೆ ಕೀರ್ತಿ ಬರುತ್ತದೆ, ಇನ್ನೊಂದರಿಂದ ಅದನ್ನು ತಿಳಿದು ಕೇಳುವ ಜನ ಬರುತ್ತಾರೆ.

ಸಾಹಿತ್ಯದ ಗೆಳೆಯರಿಗೆ ಈ ಮಾತು ಹೊಸದಲ್ಲ. ಧಾರವಾಡದಲ್ಲಿ ಜಿ. ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಯ ಅಟ್ಟ ನಿಮಗೆ ಗೊತ್ತು. ಇಕ್ಕಟ್ಟಾದ ಒಂದು ಮಹಡಿಯ ಕೋಣೆ, ಚಹಾ, ವಾದ, ಹಸ್ತಪ್ರತಿ. ಅಲ್ಲಿ ಓದಿ ಕೇಳಿಸಿಕೊಂಡ ಎಷ್ಟೋ ಕೃತಿಗಳು ಕನ್ನಡದ ದೊಡ್ಡ ಕೃತಿಗಳಾದವು. ಅಟ್ಟಕ್ಕೂ ಪಡಸಾಲೆಗೂ ಒಂದೇ ಗುಣ. ಅಲ್ಲಿ ಕೇಳುವವನಿಗೆ ಮರೆಯಾಗಲು ಸ್ಥಳವಿಲ್ಲ. ತಲೆದೂಗಿದರೂ ಕಾಣುತ್ತದೆ, ಆಕಳಿಸಿದರೂ ಕಾಣುತ್ತದೆ. ಆ ಸಂಕೋಚವೇ ಅವನನ್ನು ಒಳ್ಳೆಯ ಕೇಳುಗನನ್ನಾಗಿ ಮಾಡುತ್ತದೆ.

ಅಪ್ಪ ತೀರಿಕೊಂಡ ಮೇಲೆ ಅವರ ಪೆಟ್ಟಿಗೆಯಲ್ಲಿ ಒಂದು ಲೆಕ್ಕದ ಪುಸ್ತಕ ಸಿಕ್ಕಿತು. ಗಣಿತದ ಮಾಸ್ತರರಲ್ಲವೇ, ಪ್ರತಿ ಬೈಠಕ್ಕಿಗೂ ಒಂದೊಂದು ಪುಟ. ಮೇಲೆ ತಾರೀಖು, ಅದರ ಕೆಳಗೆ ಹಾಡಿದವರು, ಸಾಥಿ ಮಾಡಿದವರು, ರಾಗಗಳು, ಬಂದವರ ಸಂಖ್ಯೆ, ಬಲಗಡೆ ಖರ್ಚು. ಇಪ್ಪತ್ತೆರಡು ವರ್ಷಗಳ ದಾಖಲೆ. ಒಂದು ಬೀದಿಯ ಸಂಗೀತದ ಇತಿಹಾಸಕ್ಕೆ ಇದಕ್ಕಿಂತ ಒಳ್ಳೆಯ ಆಕರ ಬೇಕಿಲ್ಲ. ಅಂಜುತ್ತ ಅಂಜುತ್ತ ನಾನು 1961ನ್ನು ತೆರೆದೆ. ಪೂರಿಯಾ, ದರಬಾರಿ, ಭೈರವಿ ಎಂದು ಬರೆದಿತ್ತು. ತಬಲಾದವರ, ಹಾರ್ಮೋನಿಯಂದವರ ಪೂರ್ಣ ಹೆಸರುಗಳಿದ್ದವು. ಹಾಡಿದವರು ಎಂಬಲ್ಲಿ 'ಬಾಯಿ' ಎಂದಷ್ಟೇ ಇತ್ತು. ಬಲಗಡೆ ಹಾಲು, ಸಕ್ಕರೆ, ಚಹಾಪುಡಿ. ಬಿದಾಗಿ 15 ರೂಪಾಯಿ. ಟಾಂಗಾ 1 ರೂಪಾಯಿ. ಎಲ್ಲದರ ಕೆಳಗೆ, ಬೇರೆ ಯಾವ ಪುಟದಲ್ಲಿಯೂ ಇಲ್ಲದ ಒಂದು ಸಾಲು: 'ಊಟ — ಇಲ್ಲ.'

ಅಂದರೆ ಅಪ್ಪ ಅದನ್ನು ಮರೆತಿರಲಿಲ್ಲ. ಬಾಯಿಬಿಟ್ಟು ಹೇಳಲಾರದ್ದನ್ನು ಲೆಕ್ಕದಲ್ಲಿ ತೋರಿಸಿದ್ದರು. ಬಾಯಿಯವರ ಪೂರ್ಣ ಹೆಸರು ಏನೆಂದು ನಾನು ಊರಿನ ಹಿರಿಯರನ್ನೆಲ್ಲ ಕೇಳಿ ನೋಡಿದೆ. ಅವರ ದರಬಾರಿಯನ್ನು ನೆನೆದವರು ಮೂವರು ಸಿಕ್ಕರು. ಹೆಸರು ಹೇಳಿದವರು ಸಿಕ್ಕಲಿಲ್ಲ.

ಈಗ ನಮ್ಮ ಹಳೆಯ ಮನೆಯಿಲ್ಲ. ಅಲ್ಲಿ ಮೂರಂತಸ್ತಿನ ಕಟ್ಟಡವೆದ್ದಿದೆ. ಅದರಲ್ಲಿ ನನ್ನ ಪಾಲಿಗೆ ಬಂದ ಹಾಲ್ ಹನ್ನೆರಡು ಅಡಿಗೆ ಹದಿನಾಲ್ಕು ಅಡಿ. ಕಳೆದ ಕೆಲವು ವರ್ಷಗಳಿಂದ ಮತ್ತೆ ಅಲ್ಲಿ ತಿಂಗಳಿಗೊಮ್ಮೆ ಕುರ್ಚಿಗಳನ್ನು ಹೊರಗಿಡುತ್ತಿದ್ದೇವೆ. ಇಪ್ಪತ್ತೈದು ಜನಕ್ಕಿಂತ ಹೆಚ್ಚು ಹಿಡಿಸುವುದಿಲ್ಲ. ಹಾಡುವವರು ಬ್ಯಾಂಕಿನ ಉದ್ಯೋಗಿ, ಕಾಲೇಜಿನ ಹುಡುಗಿ, ಔಷಧಿ ಅಂಗಡಿಯ ಮಾಲಕರು. ಅಪ್ಪನ ಪುಸ್ತಕದಲ್ಲಿ ಉಳಿದಿದ್ದ ಖಾಲಿ ಪುಟಗಳಲ್ಲಿಯೇ ಲೆಕ್ಕ ಮುಂದುವರಿಸಿದ್ದೇನೆ. ಎರಡು ನಿಯಮಗಳನ್ನು ಮಾತ್ರ ಹೊಸದಾಗಿ ಮಾಡಿಕೊಂಡಿದ್ದೇನೆ. ಹಾಡಿದವರ, ನುಡಿಸಿದವರ ಪೂರ್ಣ ಹೆಸರನ್ನು ಅವರನ್ನೇ ಕೇಳಿ, ಅವರೆದುರಿಗೇ ಬರೆಯುವುದು. ಆಮೇಲೆ, ತಂಬೂರಿಗೆ ಗವಸು ಹಾಕುವ ಮೊದಲು, ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವುದು.